ರಾಮಪತ್ರೆಯ ಬುಡದಲ್ಲಿ ಸಾವಿರ ಸಸಿ

ಜೊಯಿಡಾ ರಸ್ತೆಯ ಪಕ್ಕ, ಕಾಡಿಗೆ ಅಂಟಿದ ನಮ್ಮ ಕಾಕಾ ಶಿವಲಿಂಗಪ್ಪನ ಹೊಲದ ಬದುವಿನಲ್ಲಿ ಒಂದೇ ಒಂದು ರಾಮಪತ್ರೆ ಮರ ಉಳಿದಿದೆ. ಅದರ ಕಾಯಿಯೊಳಗೆ ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆಯನ್ನು ಒಣಗಿಸಿ ಮಸಾಲೆಗೆ ಮಾರಿದರೇ ಮನೆಯ ಮಳೆಗಾಲ ದಾಟುವುದು. ಆ ಮರವೋ ಒಳಗೆ ಟೊಳ್ಳಾಗಿದೆ. ಗಾಳಿ ಎದ್ದರೆ ಸಾಕು, ಕಾಕಾನ ಹೆಂಡತಿ, ಚಿಗವ್ವ ಮಹಾದೇವಕ್ಕ, ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕಿವಿಗೊಡುತ್ತಾಳೆ.

"ಅಂಜಬ್ಯಾಡ. ಬುಡದಾಗ ಸಾವಿರ ಸಸಿ ಅದಾವು," ಅನ್ನುತ್ತಿದ್ದ ಕಾಕಾ.

ಇದ್ದವು ನಿಜ, ಭತ್ತದ ಸಸಿ ಮಡಿಯಂತೆ ಒತ್ತೊತ್ತಾಗಿ. ಉದುರಿದ ಬೀಜವನ್ನೆಲ್ಲ ಗುಡಿಸಿ ಅಲ್ಲೇ ಸುರಿದು ಮುಳ್ಳುಬೇಲಿ ಹಾಕಿದವನು ಅವನೇ. ಪತ್ರೆ ತಿನ್ನಲು ಬರುವ ಮಂಗಟ್ಟೆ ಹಕ್ಕಿಗಳನ್ನು ಡಬ್ಬಿ ಬಡಿದು ಓಡಿಸಿದವನು ನಾನು. ಮೂರು ವರ್ಷ ಬಡಿದೆ. ಮೂರು ವರ್ಷವೂ ಶ್ರಾವಣ ಬರುವಷ್ಟರಲ್ಲಿ ಸಸಿಗಳೆಲ್ಲ ಕರ್ರಗಾಗಿ, ಕುತ್ತಿಗೆ ಮುರಿದು ಸತ್ತವು.

ಈ ಸಲವೂ ಎಲೆ ಮೇಲೆ ಕರಿ ಚುಕ್ಕಿ ಕಂಡವು. ಚಿಗವ್ವ ತಡೆಯಲಾರದೆ, ದಾಂಡೇಲಿ ಕಡೆ ನರ್ಸರಿಯಲ್ಲಿ ದುಡಿಯುವ ಪೂರ್ಣಿಮಾಳನ್ನು ಕರೆಸಿದಳು.

"ಗೊಬ್ಬರ ಕಡಿಮಿ ಆಗೈತಿ, ಹೌದಲ್ಲ ತಂಗಿ?" ಕಾಕಾ ಕೇಳಿದ.

"ಇಲ್ರಿ ಕಾಕಾ. ಸಸಿ ಗದ್ದಲ ಹೆಚ್ಚಾಗೈತಿ."

"ಸಸಿ ಹೆಚ್ಚಾದ್ರ ಮರ ಹೆಚ್ಚಾಗೂದಿಲ್ಲೇನ? ಯಾವ ಸಾಲ್ಯಾಗ ಕಲಿತಿ ಇದನ್ನ?"

"ಹಾಸ್ಟೆಲ್‌ನ್ಯಾಗ ಒಬ್ಬಗ ಕಣ್ಣಬ್ಯಾನಿ ಬಂದ್ರ ಏನಾಕ್ಕೈತ್ರಿ?"

"ಎಲ್ಲಾರ ಕಣ್ಣೂ ಕೆಂಪು," ಅಂದಳು ಚಿಗವ್ವ.

"ಹಂಗ ನೋಡ್ರಿ ಅಕ್ಕಾರ. ಈ ಮರಕ್ಕ ಅಂಟೂ ರೋಗ, ಹುಳ ಇದರ ಬುಡದಾಗ ಇರತಾವು. ಒಂದ ಜಾತಿ ಸಸಿ ಮೈಗೆ ಮೈ ಹಚ್ಚಿ ನಿಂತ್ರ ಒಂದರಿಂದ ಒಂದಕ್ಕ ದಾಟತಾವು. ಮ್ಯಾಲ ಬಿಸಲಿಲ್ಲ, ಕೆಳಗ ಜಾಗ ಇಲ್ಲ."

ಕಾಕಾ ನಕ್ಕ. "ಮರಿ ತಾಯಿ ಕೂಡ ಇರಬಾರದಂತ!"

"ಭತ್ತದ ಸಸಿ ಕೀಳದ ಮಡ್ಯಾಗ ಬಿಟ್ರ ತೆನಿ ತುಂಬತಾವೇನ್ರಿ?"

ಕಾಕಾ ಬಗ್ಗಿ, ಚುಕ್ಕಿ ಬಿದ್ದ ಸಸಿಯೊಂದನ್ನು ಕಿತ್ತು ತಿರುವಿ ನೋಡಿದ.

ಪೂರ್ಣಿಮಾ ನಮ್ಮನ್ನು ನೂರು ಹೆಜ್ಜೆ ಆಚೆ ಕರೆದೊಯ್ದಳು. ಮತ್ತಿ, ನೇರಳೆ ಮರಗಳ ನಡುವೆ ಒಂಟಿ ರಾಮಪತ್ರೆ ಸಸಿ. ನನ್ನ ಸೊಂಟದೆತ್ತರ. ಎಲೆ ಮೇಲೆ ಒಂದು ಚುಕ್ಕಿ ಇಲ್ಲ.

"ಇದನ್ನ ಯಾರು ಹಚ್ಚಿದ್ರು?" ಚಿಗವ್ವ ಎಲೆ ಸವರಿ ಕೇಳಿದಳು.

"ಮಂಗಟ್ಟೆ. ಪತ್ರೆ ತಿಂದು ಬೀಜ ದೂರ ಉಗುಳತೈತಿ."

ಮೂವರೂ ನನ್ನ ಕಡೆ ನೋಡಿದರು. ನೆಲ ಬಾಯಿ ಬಿಡಬಾರದೇ ಅನಿಸಿತು. ಇದನ್ನು ನಮಗೆ ಯಾರೂ ಯಾಕೆ ಮೊದಲೇ ಹೇಳಲಿಲ್ಲ? ಮೂರು ವರ್ಷದ ಸಸಿಗಳನ್ನು ಯಾರು ತಂದುಕೊಡುತ್ತಾರೆ?

ಮರುದಿನ ಜಿಟಿಜಿಟಿ ಮಳೆಯಲ್ಲೇ ಚುಕ್ಕಿ ಇಲ್ಲದ ಸಸಿಗಳನ್ನು ಮಣ್ಣು ಸಮೇತ ಎತ್ತಿದೆವು. ನಮ್ಮ ಹೊಲದ ಅಂಚಿನ ಬೇರೆ ಬೇರೆ ಮರಗಳ ನಡುವೆ, ಒಂದಕ್ಕೊಂದು ದೂರ ದೂರ ಹಚ್ಚಿದೆವು. ಸಂಜೆ ಗಾಳಿ ಎದ್ದಿತು. ಮರ ಕಿರುಗುಟ್ಟಿತು.

"ಇವು ಬೇರು ಹಿಡಿಯೂ ತನಕ ನಿಲ್ಲಪಾ ಶಿವನೇ," ಅಂದ ಕಾಕಾ ಹಳೆಯ ಮರಕ್ಕೆ ಕೈ ಮುಗಿದು. ಹೆಂಡತಿಗೆ ಅಂಜಬೇಡ ಅನ್ನುತ್ತಿದ್ದವನು.

ಓದುವವರೇ, ಕೇಳುವವರೇ, ಬುಡದಲ್ಲಿ ಹಸಿರು ಕಂಡು ಮೋಸ ಹೋಗಬೇಡಿರಿ. ಸಸಿ ಎಣಿಸಬೇಡಿರಿ, ಬದುಕಿದ್ದನ್ನು ಎಣಿಸಿರಿ. ಮರದಲ್ಲಿ ಹಕ್ಕಿಗೂ ಕಾಯಿ ಬಿಡಿರಿ. ನಿಮ್ಮ ಜಾಗದಲ್ಲಿ ಬೆರಕೆ ಮರಗಳ ನಡುವೆ, ದೂರ ದೂರ ಹಚ್ಚಿರಿ. ಹಳೆಯ ಮರ ನಿಂತಿರುವಾಗಲೇ ಈ ಕೆಲಸ ಮಾಡಿರಿ. ಬಿದ್ದ ಮೇಲೆ ಬೀಜ ಎಲ್ಲಿಂದ ತರುತ್ತೀರಿ?