ತಿರುಗಿಸಿ ತೊಟ್ಟ ಬಿಳಿ ಕೋಟು

ಮೇಸ್ತ್ರಿ ಏಣಿಯಿಂದ ಬಿದ್ದು ಮೊಣಕಾಲಿನ ಕೆಳಗೆ ಎಲುಬು ಮುರಿದುಕೊಂಡಿದ್ದ. ಅವನನ್ನು ಸೇರಿಸಿದ್ದು ಡಾಕ್ಟರಾಗಲು ಓದುವ ಮಕ್ಕಳೂ ಇರುವ ದೊಡ್ಡ ಆಸ್ಪತ್ರೆಗೆ. ಬೆರಳ ತುದಿ ಮಾತ್ರ ಕಾಣುವ ಹಾಗೆ ಕಾಲಿಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು.

"ಜೀವಮಾನವೆಲ್ಲ ಗೋಡೆಗೆ ಗಿಲಾವು ಮಾಡ್ದೆ. ಈಗ ನನ್ನ ಕಾಲಿಗೇ ಗಿಲಾವು ನೋಡು," ಎಂದು ಹೆಂಡತಿಗೆ ಹೇಳಿ ತಾನೇ ನಕ್ಕ.

"ನಗಿ, ನಗಿ. ಏಣಿ ಹತ್ತೋವಾಗ ಬುದ್ಧಿ ಎಲ್ಲಿ ಅಡವಿಟ್ಟಿದ್ರಿ?" ಎಂದಳು ಅವಳು.

ಬೆಳಗ್ಗೆ ದೊಡ್ಡ ಡಾಕ್ಟರು ಬಂದರು. ಬೆನ್ನ ಹಿಂದೆ ವಿದ್ಯಾರ್ಥಿಗಳ ಹಿಂಡು, ಜೊತೆಗೆ ವಾರ್ಡಿನ ಸಿಸ್ಟರು. ಮೇಸ್ತ್ರಿಯ ಮಂಚದ ಸುತ್ತ ಎಲ್ಲರೂ ನಿಂತರು. ಡಾಕ್ಟರು ಕನ್ನಡಕದ ಹುಡುಗಿಯೊಬ್ಬಳ ಕಡೆ ಬೆರಳು ತೋರಿಸಿದರು.

"ಹೊಸದಾಗಿ ಪ್ಲಾಸ್ಟರ್ ಹಾಕಿದ ಕಾಲಲ್ಲಿ ಮೊದಲು ಯಾವುದಕ್ಕೆ ಹೆದರಬೇಕು? ಹೇಳು."

ಹುಡುಗಿ ತಡವರಿಸಿದಳು. "ಗೊತ್ತಿಲ್ಲ ಸರ್."

"ಹಾಗಾದ್ರೆ ಕೋಟು ತಿರುಗಿಸು."

ಆ ವಾರ್ಡಿನ ಪದ್ಧತಿ ಅದು. ಉತ್ತರ ಬಾರದವರು ಬಿಳಿ ಕೋಟನ್ನು ಹಿಂದುಮುಂದಾಗಿ ತೊಟ್ಟು, ಗುಂಡಿಗಳನ್ನು ಬೆನ್ನಿಗೆ ಹಾಕಿಸಿಕೊಂಡು ಎಲ್ಲ ರೋಗಿಗಳ ಮುಂದೆ ಓಡಾಡಬೇಕು. ಹುಡುಗಿ ತಲೆ ತಗ್ಗಿಸಿ ಕೋಟು ಬಿಚ್ಚಿ ತಿರುಗಿಸಿ ತೊಟ್ಟಳು.

"ರಿವರ್ಸ್ ಗೇರಿನ ಡಾಕ್ಟರಮ್ಮ," ಎಂದ ಪಕ್ಕದ ಮಂಚದ ಬಸ್ ಕಂಡಕ್ಟರ್. ವಾರ್ಡಿಗೆ ವಾರ್ಡೇ ನಕ್ಕಿತು. ಮೇಸ್ತ್ರಿಯೂ ಹೊಟ್ಟೆ ಹಿಡಿದು ನಕ್ಕ. ನಗು ನಿಲ್ಲುವಷ್ಟರಲ್ಲಿ ಡಾಕ್ಟರು ಮುಂದಿನ ಮಂಚದ ಹತ್ತಿರ ಇದ್ದರು.

ಹೆಂಡತಿ ಮಾತ್ರ ನಗಲಿಲ್ಲ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಯಾರ ಮನೆ ಮಗಳೋ ಪಾಪ."

"ನಿಂಗೇನು ಗೊತ್ತು? ಬೈದು ಹೇಳೋರು ಬದುಕೋಕೆ ಹೇಳ್ತಾರೆ. ನಾನು ನನ್ನ ಕೈಕೆಳಗಿನ ಹುಡುಗರನ್ನ ಗಾರೆ ಮೆತ್ತೋ ಕರಣೆ ತಿರುಗಿಸಿ ಹೊಡೆದೇ ಕಲಿಸಿದ್ದು."

"ಅದಕ್ಕೇ ಒಬ್ಬನೂ ನಿಮ್ಮ ಹತ್ರ ನಿಲ್ಲಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಯ ಕಾಲು ಬಿಗಿಯತೊಡಗಿತು. ಬೆರಳೆಲ್ಲ ಜೋಮು. ಆ ಹುಡುಗಿಯೇ ನೋಡಲು ಬಂದಳು. ಕೋಟು ಈಗ ನೆಟ್ಟಗಿತ್ತು, ಮುಖ ಇನ್ನೂ ಬಾಡಿತ್ತು. ಬೆರಳುಗಳನ್ನು ಮುಟ್ಟಿ ನೋಡಿದಳು. ಒಂದು ಉಗುರು ಒತ್ತಿ ಬಿಟ್ಟು, ಬಣ್ಣ ಮರಳುತ್ತದೆಯೇ ಎಂದು ನೋಡಿದಳು. ಇನ್ನೊಮ್ಮೆ ಒತ್ತಿದಳು.

"ಏನಮ್ಮ, ಸರಿ ಇದೆಯಾ?"

"ಸ್ವಲ್ಪ ಇರಿ ತಾತ. ಕೇಳ್ಕೊಂಡು ಬರ್ತೀನಿ."

ಬಾಗಿಲ ಬಳಿ ದೊಡ್ಡ ಡಾಕ್ಟರು ಯಾರೊಂದಿಗೋ ಮಾತಾಡುತ್ತಿದ್ದರು. ಹುಡುಗಿ ಅಲ್ಲಿಯ ತನಕ ಹೋದಳು, ನಿಂತಳು, ಹಾಗೇ ಹಿಂದಿರುಗಿದಳು. ಮಂಚದ ಕಾಲಬಳಿ ತೂಗುಹಾಕಿದ್ದ ಹಾಳೆಯಲ್ಲಿ ಏನೋ ಗೀಚಿದಳು. "ಸರಿಯಿದೆ ತಾತ," ಎಂದು ಹೊರಟುಹೋದಳು.

ಸಂಜೆಯ ಹೊತ್ತಿಗೆ ನೋವು ಹಲ್ಲು ಕಚ್ಚಿದರೂ ನಿಲ್ಲದಂತಾಯಿತು. ಹೆಂಡತಿ ಹೊದಿಕೆ ಸರಿಸಿ ನೋಡಿದಳು. ಬೆರಳು ನೀಲಿಗಟ್ಟಿದ್ದವು. ಮುಟ್ಟಿದರೆ ಮಂಜಿನಂತೆ ತಣ್ಣಗಿದ್ದವು. ಓಡಿಹೋಗಿ ವಾರ್ಡಿನ ಸಿಸ್ಟರನ್ನು ಕರೆತಂದಳು. ಸಿಸ್ಟರು ಒಂದು ಸಲ ಮುಟ್ಟಿದ್ದೇ ತಡ, ಡ್ಯೂಟಿ ಡಾಕ್ಟರನ್ನು ಕೂಗಿದರು. ಪ್ಲಾಸ್ಟರನ್ನು ಮೇಲಿಂದ ಕೆಳಗಿನ ತನಕ ಸೀಳಿ, ಒಳಗಿನ ಹತ್ತಿಯನ್ನೂ ಕತ್ತರಿಸಿ ಸಡಿಲ ಮಾಡಿದರು. ನಿಧಾನವಾಗಿ ಬೆರಳಿಗೆ ಬಣ್ಣ ಬಂತು.

"ಇನ್ನೂ ತಡ ಆಗಿದ್ರೆ ಈ ಕಾಲು ಉಳಿಸೋದು ಕಷ್ಟ ಇತ್ತು," ಎಂದರು ಡ್ಯೂಟಿ ಡಾಕ್ಟರು.

ಮೇಸ್ತ್ರಿಗೆ ಭಯ ಇಳಿಯುತ್ತಿದ್ದಂತೆ ಸಿಟ್ಟು ಏರಿತು. "ಆ ಕನ್ನಡಕದವಳನ್ನ ಕರೀರಿ. ಸರಿಯಿದೆ ಅಂದ್ಲಲ್ಲ."

ಹುಡುಗಿ ಆಗಲೇ ಬಂದು ನಿಂತಿದ್ದಳು. "ನಂಗೆ ಆಗಲೇ ಅನುಮಾನ ಬಂದಿತ್ತು ತಾತ. ಕೇಳೋಕೆ ಹೋದೆ. ಧೈರ್ಯ ಬರಲಿಲ್ಲ. ತಪ್ಪು ನಂದೇ."

"ಹೌದು, ತಪ್ಪು ನಿಂದೇ," ಎಂದರು ಸಿಸ್ಟರು. "ಅವರ ಹತ್ರ ಆಗದಿದ್ರೆ ನನ್ನ ಕೇಳಬೇಕಿತ್ತು, ಡ್ಯೂಟಿ ಡಾಕ್ಟರನ್ನ ಕೇಳಬೇಕಿತ್ತು. ರೋಗಿ ವಿಷಯದಲ್ಲಿ ಅನುಮಾನ ನುಂಗಬಾರದು." ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. "ಮೇಸ್ತ್ರಿಗಳೇ, ಬೆಳಗ್ಗೆ ಡಾಕ್ಟರು ಒಂದು ಪ್ರಶ್ನೆ ಕೇಳಿದ್ರಲ್ಲ, ನೆನಪಿದೆಯಾ?"

"ಇದೆ. ಪ್ಲಾಸ್ಟರ್ ಹಾಕಿದ ಕಾಲಲ್ಲಿ ಯಾವುದಕ್ಕೆ ಹೆದರಬೇಕು ಅಂತ."

"ಅದಕ್ಕೆ ಉತ್ತರ ಏನು ಅಂದ್ರು?"

ಮೇಸ್ತ್ರಿ ಯೋಚಿಸಿದ. ಕೋಟು ನೆನಪಾಯಿತು, ನಗು ನೆನಪಾಯಿತು, ಕಂಡಕ್ಟರನ ಮಾತು ನೆನಪಾಯಿತು. ಉತ್ತರ ಮಾತ್ರ ನೆನಪಿಗೆ ಬರಲಿಲ್ಲ.

"ಯಾರೂ ಹೇಳಲೇ ಇಲ್ಲವಲ್ಲ," ಎಂದ.

"ಹೇಳಲಿಲ್ಲ. ಒಳಗೆ ಕಾಲು ಊದಿದ್ರೆ ಪ್ಲಾಸ್ಟರ್ ಬಿಗಿಯಾಗಿ ರಕ್ತ ಓಡೋದು ನಿಲ್ಲಬಹುದು. ಇಷ್ಟೇ ಉತ್ತರ. ನಗು ಮುಗಿಯೋದರಲ್ಲಿ ಪಾಠ ತಪ್ಪಿಹೋಯ್ತು. ಆ ಪಾಠ ನಿಮ್ಮ ಕಾಲಿನ ಪಾಠವೇ ಆಗಿತ್ತು."

ಮೇಸ್ತ್ರಿ ತನ್ನ ಕಾಲು ನೋಡಿಕೊಂಡು, "ಹಾಗಂತ ಬೈಯದೇ ಕಲಿಸೋಕಾಗುತ್ತಾ ಸಿಸ್ಟರಮ್ಮ?" ಎಂದ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ತಪ್ಪು ಮಾಡಿದ್ರೆ ಗಟ್ಟಿಯಾಗೇ ಹೇಳಲಿ. ಯಾರು ಬೇಡ ಅಂತಾರೆ? ಆದ್ರೆ ತಿದ್ದೋದು ಬೇರೆ, ಮಾನ ತೆಗೆಯೋದು ಬೇರೆ. ಮಾನ ಹೋದವರು ಇನ್ನೊಂದು ಸಲ ಗೊತ್ತಿಲ್ಲ ಅನ್ನಲ್ಲ, ಸರಿಯಿದೆ ಅಂತ ಬರೆದುಬಿಡ್ತಾರೆ. ಕಾಲೇಜಲ್ಲಿ ಇದಕ್ಕೇ ದೂರು ಕೇಳೋ ಸಮಿತಿ ಇದೆ. ಮಕ್ಕಳೂ ಹೇಳಬಹುದು, ನಾವೂ ಹೇಳಬಹುದು, ರೋಗಿಗಳೂ ಹೇಳಬಹುದು. ದೂರು ಕೊಟ್ಟವರ ಹೆಸರು ಹೊರಗೆ ಬಿಡಬೇಡಿ ಅಂತಾನೂ ಕೇಳಬಹುದು."

"ನನ್ನ ಹೆಸರು ಯಾಕೆ ಮುಚ್ಚಿಡಬೇಕು? ಕಾಲು ನಂದು," ಎಂದ ಮೇಸ್ತ್ರಿ. "ನಾಳೆ ಬರೀರಿ. ನಾನು ಹೇಳ್ತೀನಿ."

ಮರುದಿನ ಬೆಳಗ್ಗೆ ಮತ್ತೆ ಅದೇ ಹಿಂಡು. ದೊಡ್ಡ ಡಾಕ್ಟರು ಈ ಸಲ ಒಬ್ಬ ಸಣಕಲು ಹುಡುಗನಿಗೆ ಅದೇ ಪ್ರಶ್ನೆ ಕೇಳಿದರು. ಯಾರೂ ಹೇಳುವ ಮೊದಲೇ ಅವನ ಕೈ ಕೋಟಿನ ಗುಂಡಿಗೆ ಹೋಯಿತು.

"ಡಾಕ್ಟ್ರೇ, ಒಂದು ಮಾತು," ಎಂದ ಮೇಸ್ತ್ರಿ.

ಡಾಕ್ಟರು ಹುಬ್ಬೇರಿಸಿದರು.

"ನನ್ನ ಕಾಲು ನೋಡಿ ಈ ಮಕ್ಕಳು ಎಷ್ಟು ಬೇಕಾದ್ರೂ ಕಲೀಲಿ. ಮುಟ್ಟಲಿ, ಒತ್ತಲಿ, ನನ್ನ ಒಪ್ಪಿಗೆ ಇದೆ. ಆದ್ರೆ ಕೋಟು ತಿರುಗಿಸೋದಾದ್ರೆ ನನ್ನ ಮಂಚದ ಹತ್ರ ಪಾಠ ಬೇಡ."

"ನಾವೂ ಹೀಗೇ ಕಲಿತವರು ಕಣ್ರೀ."

"ನಾನೂ ಹಂಗೇ ಕಲಿತವನು, ಹಂಗೇ ಕಲಿಸಿದವನು. ನಿನ್ನೆ ಎಲ್ಲರಿಗಿಂತ ಜೋರಾಗಿ ನಕ್ಕವನೂ ನಾನೇ. ಆ ನಗುವಿಗೆ ನನ್ನ ಕಾಲೇ ಹೋಗೋದರಲ್ಲಿತ್ತು. ಸಮಿತಿಗೂ ಹೇಳ್ತೀನಿ. ನಿಮ್ಮ ಮುಖ ನೋಡಿ ಮೊದಲು ಹೇಳೋದು ಸರಿ ಅನ್ನಿಸ್ತು."

ದೊಡ್ಡ ಡಾಕ್ಟರು ಸೀಳಿದ ಪ್ಲಾಸ್ಟರನ್ನು ನೋಡಿದರು. ನಿನ್ನೆಯ ಹಾಳೆಯನ್ನು ಓದಿದರು. ಬಹಳ ಹೊತ್ತು ಓದಿದರು. ಮುಖದಲ್ಲಿ ಮುನಿಸು ಹೋಗಿರಲಿಲ್ಲ. ಆದರೂ ಹುಡುಗನಿಗೆ, "ಕೈ ತೆಗಿ. ಬಾ ಇಲ್ಲಿ, ಈ ಉಗುರು ಒತ್ತು," ಎಂದರು. ಉತ್ತರವನ್ನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು.

ಕನ್ನಡಕದ ಹುಡುಗಿ ಕೈ ಎತ್ತಿದಳು. "ಸರ್, ಬೆರಳು ತಣ್ಣಗಿದ್ದು ಬಣ್ಣ ಮಾತ್ರ ಸರಿಯಿದ್ರೆ?"

"ಆಗಲೂ ಬಂದು ಕೇಳು," ಎಂದರು ಡಾಕ್ಟರು.

ಮೇಸ್ತ್ರಿ ಸಮಿತಿಗೂ ದೂರು ಕೊಟ್ಟ. ವಿಚಾರಣೆ ಆಯಿತು. ಕೋಟು ತಿರುಗಿಸುವ ಪದ್ಧತಿ ಎಲ್ಲ ವಾರ್ಡಿನಲ್ಲೂ ನಿಂತಿತು.

ಕಲಿಸುವ ಗುರುಗಳೇ, ತಪ್ಪನ್ನು ತಿದ್ದಿ, ಉತ್ತರ ಹೇಳಿಕೊಡಿ, ನಾಲ್ಕು ಜನರ ಮುಂದೆ ಮಾನ ತೆಗೆಯಬೇಡಿ. ಕಲಿಯುವ ಮಕ್ಕಳೇ, ರೋಗಿಯ ಬಗ್ಗೆ ಅನುಮಾನ ಬಂದರೆ ಒಬ್ಬರಲ್ಲದಿದ್ದರೆ ಇನ್ನೊಬ್ಬರನ್ನು ಕೇಳಿ. ಅವಮಾನವಾದರೆ ಒಬ್ಬರೇ ನುಂಗಿಕೊಳ್ಳದೆ ಜೊತೆಯವರೊಂದಿಗೆ ಹೋಗಿ ದೂರು ಕೊಡಿ. ಮಂಚದಲ್ಲಿ ಮಲಗಿರುವ ರೋಗಿಗಳೇ, ನಾವೂ ಆ ತರಗತಿಯವರೇ. ನಾಳೆ ನಿಮ್ಮ ಪಕ್ಕದಲ್ಲಿ ಒಂದು ಮಗು "ಗೊತ್ತಿಲ್ಲ" ಅಂದರೆ ನಗಬೇಡಿ. "ಹೇಳಿಕೊಡಿ ಡಾಕ್ಟ್ರೇ, ನಾವೂ ಕೇಳ್ತೀವಿ" ಅನ್ನಿ.