ಐನೂರ ನಲವತ್ತೆಂಟು

ಮೇಜಿನ ಒಂದು ತುದಿಯಲ್ಲಿ ಹೊಲಿಗೆ ಯಂತ್ರ, ಇನ್ನೊಂದು ತುದಿಯಲ್ಲಿ ಭೌತಶಾಸ್ತ್ರದ ಪುಸ್ತಕ. ನಡುವೆ ಕೂತ ಸೊಸೆಗೆ ನಲವತ್ತು ತುಂಬಲು ಇನ್ನು ನಾಲ್ಕೇ ತಿಂಗಳು. ಕಣ್ಣಾಸ್ಪತ್ರೆಯವರು ದೃಷ್ಟಿ ಪರೀಕ್ಷೆ ಮಾಡುವ ಕೆಲಸಕ್ಕೆ ತರಬೇತಿ ಕೊಡುತ್ತಾರೆ, ಆದರೆ ನಲವತ್ತು ದಾಟಿದವರನ್ನು ಸೇರಿಸಿಕೊಳ್ಳುವುದಿಲ್ಲ. ಹನ್ನೆರಡನೆಯ ತರಗತಿಯಲ್ಲಿ ಅವಳಿಗೆ ಉಳಿದುಹೋದದ್ದು ಭೌತಶಾಸ್ತ್ರ ಒಂದೇ. ಈ ಸಲ ಪಾಸಾದರೆ ಸೀಟು ಅವಳದು. ಇಲ್ಲದಿದ್ದರೆ ಅದರ ಮಾತು ಅಲ್ಲಿಗೇ ಮುಗಿಯಿತು.

ಅತ್ತೆಯನ್ನು ತಿಂಗಳು ತಿಂಗಳೂ ಆ ಆಸ್ಪತ್ರೆಗೆ ಕರೆದೊಯ್ಯುವಾಗ ಹುಟ್ಟಿದ ಆಸೆ ಅದು. ಅಲ್ಲೊಬ್ಬಳು ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಬೇಸರವಿಲ್ಲದೆ ಹತ್ತು ಸಲ ಕೇಳುತ್ತಿದ್ದಳು. ನಿನಗೆ ಯಾವುದು ಚೆನ್ನ ಎಂದು ತನ್ನನ್ನು ಯಾರೂ ಹೀಗೆ ಕೇಳಿದ್ದಿಲ್ಲವಲ್ಲ ಎಂದು ಸೊಸೆಗೆ ಅನಿಸಿತ್ತು. ತನ್ನನ್ನು ಯಾರೂ ಕೇಳದಿದ್ದರೆ ಹೋಗಲಿ, ತಾನಾದರೂ ಇನ್ನೊಬ್ಬರನ್ನು ಕೇಳಬಹುದು.

ಅತ್ತೆ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಪುಟದ ನಟ್ಟನಡುವೆ ಮಬ್ಬು ಕವಿದು ಅಕ್ಷರ ಕಾಣುವುದಿಲ್ಲ. ಹಾಗಾಗಿ ಸೊಸೆ ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಬೇಕು. ಬೆಳಕು ಬಿದ್ದಾಗ ಲೋಹದಿಂದ ಇಲೆಕ್ಟ್ರಾನ್ ಹೊರಬರುವ ದ್ಯುತಿವಿದ್ಯುತ್ ಪರಿಣಾಮದ ಲೆಕ್ಕಗಳು ನಡೆದಿದ್ದವು.

"ಬೆಳಕಿನ ಶಕ್ತಿ ಎರಡು ಪಾಯಿಂಟ್ ಮೂರು," ಎಂದಳು ಸೊಸೆ. "ಲೋಹ ಕೇಳೋದು ಎರಡು ಪಾಯಿಂಟ್ ಎರಡು ಎಂಟು. ಸ್ವಲ್ಪ ಮಿಕ್ಕಿತು. ಇಲೆಕ್ಟ್ರಾನ್ ಬಂತು ಅತ್ತೆ."

"ಅದೆಲ್ಲಿ ಬಂತು, ನೀನೇ ರಟ್ಟೆ ಹಿಡಿದು ಎಳಕೊಂಡು ಬಂದೆ. ಭಾಗಾಕಾರ ಸರಿಯಾಗಿ ಹೇಳು."

"ಎರಡು ಪಾಯಿಂಟ್ ಎರಡು ಐದು... ಎರಡು ಪಾಯಿಂಟ್ ಮೂರು ಅಂತ ಇಟ್ಕೊಂಡೆ."

"ಯಾಕೆ ಇಟ್ಕೊಂಡೆ?"

ಸೊಸೆ ಮತ್ತೆ ಭಾಗಿಸಲು ಹೊರಟಳು. ಅತ್ತೆ ಅವಳನ್ನು ತಡೆದರು. "ನೋಡು, ತಪ್ಪು ಮಾಡೋರು ಒಂದ್ಸಲ ಹೆಚ್ಚು ಬರೀತಾರೆ, ಒಂದ್ಸಲ ಕಡಿಮೆ ಬರೀತಾರೆ. ನಿಂದು ಒಂದು ವಾರದಿಂದ ಬರೀ ಹೆಚ್ಚೇ." ಸೊಸೆಯೇ ಹೊಲಿದ, ತಾವು ತೊಟ್ಟಿದ್ದ ಅಂಗಿಯ ಬದಿಯನ್ನು ಬೆರಳಲ್ಲಿ ತಡವಿದರು. "ಇದರೊಳಗೆ ಎಷ್ಟು ಬಟ್ಟೆ ಬಿಟ್ಟಿದ್ದೀಯ?"

"ಒಂದೂವರೆ ಇಂಚು. ಮುಂದೆ ಬಿಗಿಯಾದ್ರೆ ಬಿಚ್ಚೋಕೆ ಬೇಕಲ್ಲ."

"ಸಿಕ್ತು ರೋಗ. ಮಹಾರಾಯ್ತಿ, ಬೆಳಕಿಗೂ ಒಳಗೆ ಬಟ್ಟೆ ಬಿಡ್ತಿದ್ದೀಯ ನೀನು."

ಇಬ್ಬರೂ ನಕ್ಕರು. ಆದರೆ ಆ ಮಾತು ಸೊಸೆಯ ಬೆನ್ನು ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಅವಳು ಬಟ್ಟೆಗಷ್ಟೇ ಅಲ್ಲ, ಎಲ್ಲಕ್ಕೂ ಹೀಗೆ ಒಂದಿಷ್ಟು ಹೆಚ್ಚು ಬಿಟ್ಟವಳೇ. ಅಡುಗೆಗೆ ಒಂದು ಹಿಡಿ ಹೆಚ್ಚು, ಬಸ್ಸಿಗೆ ಅರ್ಧ ಗಂಟೆ ಮುಂಚೆ, ಗಂಡನ ಸಿಟ್ಟಿಗೆ ಎರಡು ದಿನದ ರಿಯಾಯಿತಿ. ಯಾರಿಗೂ ಏನೂ ಸಾಲದೆ ಹೋಗಬಾರದು. ಸಾಲದು ಎಂದು ಬಾಯಿಬಿಟ್ಟು ಹೇಳುವುದು ಅವಳಿಗೆ ಗೊತ್ತೇ ಇರಲಿಲ್ಲ.

ಪರೀಕ್ಷೆಯಲ್ಲಿ ಅದೇ ಬಗೆಯ ಲೆಕ್ಕ ಬಂತು. ಲೋಹಕ್ಕೆ ಬೇಕಾದದ್ದು ಎರಡು ಪಾಯಿಂಟ್ ಎರಡು ಆರು. ಭಾಗಿಸಿದಾಗ ಬೆಳಕಿನ ಶಕ್ತಿ ಎರಡು ಪಾಯಿಂಟ್ ಎರಡು ಒಂದು. ಅವಳ ಪೆನ್ನು ತಾನಾಗಿಯೇ ಎರಡು ಪಾಯಿಂಟ್ ಮೂರರ ಕಡೆ ವಾಲಿತು. ಕೈ ಹಿಡಿದು ನಿಲ್ಲಿಸಿದಳು. 'ಇಲೆಕ್ಟ್ರಾನ್ ಹೊರಬರುವುದಿಲ್ಲ' ಎಂದು ಬರೆದಳು. ಬೆಳಕನ್ನು ಇನ್ನಷ್ಟು ಪ್ರಖರಗೊಳಿಸಿದರೆ? 'ಆಗಲೂ ಇಲ್ಲ.' ಇಷ್ಟು ಚಿಕ್ಕ ಉತ್ತರದ ಕೆಳಗೆ ಖಾಲಿ ಜಾಗ ಬಿಟ್ಟದ್ದಕ್ಕೆ, ಎದುರಿಗಿರುವವರಿಗೆ ಅರ್ಧ ತಟ್ಟೆ ಬಡಿಸಿ ಎದ್ದುಬಂದಂತೆ ಅವಳಿಗೆ ಇರಿಸುಮುರಿಸಾಯಿತು.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಅತ್ತೆಯ ಪ್ರಶ್ನೆ: "ಕೊನೇ ಲೆಕ್ಕ?"

"ಅದೇ ಲೋಹಕ್ಕೆ ಎಷ್ಟು ಉದ್ದದ ತರಂಗದವರೆಗೆ ಇಲೆಕ್ಟ್ರಾನ್ ಬರುತ್ತೆ, ನ್ಯಾನೋಮೀಟರಿನ ಪೂರ್ಣಾಂಕದಲ್ಲಿ ಬರೀರಿ ಅಂತಿತ್ತು. ಭಾಗಿಸಿದ್ರೆ ಐನೂರ ನಲವತ್ತೆಂಟು ಪಾಯಿಂಟ್ ಆರು ಏಳು."

"ಐನೂರ ನಲವತ್ತೊಂಬತ್ತು ಬರೆದೆ ತಾನೆ? ಅರ್ಧ ದಾಟಿದೆ."

"ನಲವತ್ತೆಂಟು ಬರೆದೆ ಅತ್ತೆ. ಅಲೆ ಉದ್ದವಾದಷ್ಟೂ ಶಕ್ತಿ ಕಡಿಮೆ ಅಂತ ನೀವೇ ಹೇಳಿದ್ರಿ. ನಲವತ್ತೊಂಬತ್ತಕ್ಕೆ ಹೋದ್ರೆ ಒಂಚೂರು ಸಾಲಲ್ಲ. ಸಾಲಲ್ಲ ಅಂದ್ಮೇಲೆ ಬರಲ್ಲ."

ಅತ್ತೆ ಗಾಳಿಯಲ್ಲಿ ಬೆರಳಾಡಿಸಿ ಗುಣಿಸಿದರು. ಮತ್ತೊಮ್ಮೆ ಗುಣಿಸಿದರು.

"ಅರ್ಧ ದಾಟಿದ್ರೆ ಮುಂದಿನ ಅಂಕಿ ಅಂತ ಮೂವತ್ತು ವರ್ಷ ಕಣ್ಮುಚ್ಚಿಕೊಂಡು ಹೇಳಿಬಿಟ್ಟಿದ್ದೀನಲ್ಲೇ," ಎಂದರು ಮೆಲ್ಲಗೆ.

"ಹಾಗಾದ್ರೆ ನಂದು ಸರಿನಾ?"

ಫಲಿತಾಂಶಕ್ಕೆ ಮುಂಚೆ ಯಾವ ವಿದ್ಯಾರ್ಥಿಗೂ ಭರವಸೆ ಕೊಡದ ಹೆಂಗಸು ಎಂದು ಶಾಲೆಯಲ್ಲಿ ಅತ್ತೆಗೆ ಹೆಸರಿತ್ತು. ಅವರು ಕೈಚಾಚಿ, ತಡಕಾಡಿ, ಸೊಸೆಯ ಮಣಿಕಟ್ಟು ಹಿಡಿದರು.

"ಪಾಸಾಗ್ತೀಯ. ಕೂತ್ಕೋ, ಇವತ್ತು ಕಾಫಿ ನಾನು ಮಾಡ್ತೀನಿ. ಸಕ್ಕರೆ ಎಷ್ಟು ಬೇಕು ನಿಂಗೆ?"

ಸೊಸೆ ಯೋಚಿಸಿದಳು. ನಿಜಕ್ಕೂ ಯೋಚಿಸಬೇಕಾಯಿತು.