ಸೋಸದ ಎಣ್ಣೆ

“ಕನ್ನಡಿ ಇದ್ದಂಗೈತೆ ನೋಡಿ ಮೇಡಂ. ಕುಲಾಂತರಿ ಗಿಲಾಂತರಿ ಏನೂ ಇಲ್ಲ ಅಂತ ಬರ್ಕೊಟ್ಬಿಡಿ,” ಎನ್ನುತ್ತ ಎಣ್ಣೆ ಮಿಲ್ಲಿನ ಚಂದ್ರಪ್ಪ ರಿಫೈಂಡ್ ಕಡಲೆಕಾಯಿ ಎಣ್ಣೆಯ ಬಾಟಲಿ ಮುಂದಿಟ್ಟ.

ಪೀಣ್ಯದ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೂತಿದ್ದ ಶಶಿಕಲಾಗೆ ಅವನ ಗುರುತು ಹತ್ತಿತು; ಅವನಿಗೆ ಇವಳದು ಹತ್ತಲಿಲ್ಲ. ಇವಳಪ್ಪ ಹತ್ತಿಬೀಜದ ಎಣ್ಣೆ ಬೆರೆಸುತ್ತಾನೆಂದು ಸುಳ್ಳು ಹಬ್ಬಿಸಿ ಗಾಣ ಮುಚ್ಚಿಸಿದವನು ಇವನೇ. ನಿಜಕ್ಕೂ ಬೆರೆಸುತ್ತಿದ್ದವನೂ ಇವನೇ ಎಂದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ಈಗಿನ ಹತ್ತಿಯೋ ಬಹುಪಾಲು ಕುಲಾಂತರಿ. ಆದರೆ ರಿಫೈಂಡ್ ಮಾಡಿದ ಎಣ್ಣೆಯಲ್ಲಿ ಬೀಜದ ಡಿಎನ್‌ಎ ಸುಳಿವೇ ಉಳಿಯುವುದಿಲ್ಲ. ಸೋಸದ ಎಣ್ಣೆಯ ಮಡ್ಡಿಯಲ್ಲಾದರೆ ಸಿಕ್ಕಿಬೀಳುತ್ತದೆ.

“ಇದು ಬೇಡ ಸಾರ್,” ಎಂದಳು, ಮದುವೆಮನೆಯಲ್ಲಿ ಬಡಿಸುವವಳ ನಯದಲ್ಲಿ. “ಸೋಸದೆ ಇರೋದು ಕೊಡಿ. ರಿಪೋರ್ಟಿಗೆ ತೂಕ ಬರುತ್ತೆ.”

“ಅದಕ್ಕೇನಂತೆ, ಕಾರಲ್ಲೇ ಐತೆ. ನಮ್ದು ಮಡ್ಡೀನೂ ಘಮ್ಮಂತದೆ,” ಎಂದು ಬೀಗುತ್ತ ಕ್ಯಾನ್ ತಂದುಕೊಟ್ಟ. ಅವಳು ಅದಕ್ಕೆ ಸೀಲು ಹಾಕಿದಳು, ಅವನು ಸಹಿ ಹಾಕಿದ.

“ಯಾವೂರಮ್ಮ ನಿಮ್ದು?”

“ಹೆಬ್ಬಗೋಡಿ. ಗಾಣದ ಮುನಿಯಣ್ಣನ ಮಗಳು.”

ಚಂದ್ರಪ್ಪನ ಕೈ ತಟ್ಟನೆ ಕ್ಯಾನಿನತ್ತ ಚಾಚಿತು. ಅಷ್ಟರಲ್ಲಿ ಶಶಿಕಲಾ ಅದನ್ನು ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದ್ದಳು.